ಒಂದು ತಗಡು, ಇಪ್ಪತ್ತು ಒರಿಜಿನಲ್: ಎಚ್ಚಿಂಗ್ ಹೇಗೆ ತಯಾರಾಗುತ್ತದೆ

ಕಲಬುರಗಿಯಲ್ಲಿ ಚಿತ್ರಕಲೆ ಅಂದರೆ ಮಂದಿಗೆ ಮೊದಲು ನೆನಪಾಗುವುದು ಎಸ್.ಎಂ. ಪಂಡಿತರು. 1916ರಲ್ಲಿ ಇದೇ ಊರಲ್ಲಿ ಹುಟ್ಟಿದವರು. ಅವರು ಬರೆದ ದೇವರು, ಪುರಾಣದ ಪಾತ್ರಗಳು ಕ್ಯಾಲೆಂಡರ್ ಆಗಿ ದೇಶದ ತುಂಬಾ ಗೋಡೆ ಸೇರಿದವು. ಹಾಗಾಗಿ ಅಚ್ಚಾದ ಚಿತ್ರ ಅಂದರೆ ನಮ್ಮ ತಲೆಯಲ್ಲಿ ಇರುವ ಲೆಕ್ಕ ಇಷ್ಟೇ: ಎಲ್ಲೋ ಒಂದು ಕಡೆ ಕಲಾವಿದ ಕೈಯಾರೆ ಬರೆದ ಅಸಲಿ ಚಿತ್ರ ಇದೆ, ನಮ್ಮ ಗೋಡೆ ಮೇಲೆ ಇರುವುದು ಅದರ ನಕಲು. ಲೋಹದ ತಗಡನ್ನು ಆಮ್ಲದಿಂದ ಕೊರೆದು, ಮಸಿ ತುಂಬಿ ಕಾಗದಕ್ಕೆ ಒತ್ತುವ ಎಚ್ಚಿಂಗ್ ಚಿತ್ರಗಳ ಪ್ರದರ್ಶನಕ್ಕೆ ಬಂದವರೂ ಅದೇ ಲೆಕ್ಕ ಹಿಡಿದುಕೊಂಡು ಬರುತ್ತಾರೆ. ಚಿತ್ರದ ಕೆಳಗೆ ಪೆನ್ಸಿಲ್‌ನಲ್ಲಿ 7/20, ಅಂದರೆ ಇಪ್ಪತ್ತು ಪ್ರತಿಯಲ್ಲಿ ಏಳನೆಯದು ಅಂತ ಬರೆದದ್ದು ನೋಡಿ, "ಇದ್ರ ಒರಿಜಿನಲ್ ಎಲ್ಲದರಿ ಸರ್?" ಅಂತ ಕೇಳುತ್ತಾರೆ.

ಇದೇ ಒರಿಜಿನಲ್. ಆರನೆಯದೂ ಒರಿಜಿನಲ್, ಎಂಟನೆಯದೂ ಒರಿಜಿನಲ್. ಇದಕ್ಕೆ ಮೊದಲು ಕ್ಯಾನ್ವಾಸ್ ಮೇಲೆ ಬರೆದ ಬೇರೆ ಚಿತ್ರ ಅನ್ನುವುದೇ ಇಲ್ಲ. ಇರುವುದು ಒಂದು ಲೋಹದ ತಗಡು. ಅದನ್ನು ಗೋಡೆಗೆ ತೂಗುಹಾಕಿದರೆ ಯಾರೂ ಚಿತ್ರ ಅನ್ನುವುದಿಲ್ಲ. ಎಲ್ಲ ಉಲ್ಟಾ, ಎಲ್ಲ ಮಸುಕು, ಬೆಳಕಿಗೆ ಓರೆ ಹಿಡಿದರೆ ಮಾತ್ರ ಒಂದಷ್ಟು ಗೀರು ಕಾಣುತ್ತದೆ. ಆ ಗೀರಿನಲ್ಲಿ ಮಸಿ ತುಂಬಿ ಕಾಗದಕ್ಕೆ ಒತ್ತಿದಾಗಲೇ ಚಿತ್ರ ಮೊದಲ ಸಲ ಹುಟ್ಟುವುದು.

ನಮ್ಮ ಭಾಗದವರಿಗೆ ಇದನ್ನು ತಿಳಿಸುವುದು ಸುಲಭ, ಯಾಕಂದರೆ ಬೀದರ್ ಪಕ್ಕದಲ್ಲೇ ಇದೆ. ಬಿದರಿ ಕೆಲಸ ನೋಡಿದ್ದೀರಲ್ವಾ? ಸತು ಜಾಸ್ತಿ, ತಾಮ್ರ ಕಡಿಮೆ, ಸುಮಾರು 16ಕ್ಕೆ 1ರ ಲೆಕ್ಕದಲ್ಲಿ ಬೆರೆಸಿ ಎರಕ ಹೊಯ್ದ ಹೂಜಿ ಅಥವಾ ತಟ್ಟೆ. ಅದನ್ನು ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರು ಸವರಿ ಸದ್ಯಕ್ಕೆ ಕಪ್ಪಾಗಿಸುತ್ತಾರೆ. ಕಪ್ಪಿನ ಮೇಲೆ ಚೂಪು ಮೊನೆಯಿಂದ ಬಳ್ಳಿ, ಹೂವು ಗೀಚಿದರೆ ಗೆರೆ ಬೆಳ್ಳಗೆ ಎದ್ದು ಕಾಣುತ್ತದೆ. ಆಮೇಲೆ ಸಣ್ಣ ಉಳಿಯಿಂದ ಆ ಗೆರೆಯನ್ನು ಕೆತ್ತಿ ಕಾಲುವೆ ಮಾಡಿ, ಅದರೊಳಗೆ ಬೆಳ್ಳಿ ತಂತಿ ಇಟ್ಟು ಬಡಿದು ಕೂರಿಸುತ್ತಾರೆ. ಕೊನೆಗೆ ಹಳೆ ಕೋಟೆಯ ಮಣ್ಣಿಗೆ ನವಸಾಗರ ಕಲಸಿ ಹಚ್ಚಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತದೆ.

ಎಚ್ಚಿಂಗ್ ಇದರಿಂದ ಎರಡು ಕಡೆ ಬೇರೆಯಾಗುತ್ತದೆ. ಉಳಿಯ ಬದಲು ತೇಜಾಬು, ಅಂದರೆ ಆಮ್ಲ, ಕೆತ್ತುತ್ತದೆ. ಬೆಳ್ಳಿಯ ಬದಲು ಮಸಿ ತುಂಬುತ್ತೇವೆ. ಬೆಳ್ಳಿ ಒಮ್ಮೆ ಕೂತರೆ ಕೂತೇ ಇರುತ್ತದೆ. ಮಸಿ ಹಾಗಲ್ಲ, ಕಾಗದಕ್ಕೆ ಹೊರಟುಹೋಗುತ್ತದೆ. ಕಾಲುವೆ ಮತ್ತೆ ಖಾಲಿ. ಮತ್ತೆ ತುಂಬಬಹುದು, ಮತ್ತೆ ಒತ್ತಬಹುದು. ಬಿದರಿ ಹೂಜಿ ಒಂದೇ ಆಗಿ ಉಳಿಯುವುದಕ್ಕೂ ಎಚ್ಚಿಂಗ್ ಇಪ್ಪತ್ತಾಗುವುದಕ್ಕೂ ಕಾರಣ ಇಷ್ಟೇ.

ಯುರೋಪಿನಲ್ಲೂ ಇದು ಲೋಹದ ಕುಶಲಕರ್ಮಿಗಳ ಮನೆಯಿಂದಲೇ ಬಂದದ್ದು. ಕವಚ, ಕತ್ತಿಗಳ ಮೇಲೆ ಆಮ್ಲದಿಂದ ನಕ್ಷೆ ಕೊರೆಯುವ ಕಸುಬು ಮೊದಲೇ ಇತ್ತು. 1500ರ ಸುಮಾರಿಗೆ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಡೇನಿಯಲ್ ಹಾಪ್ಫರ್ ಎಂಬಾತ ಅದೇ ಕೆಲಸವನ್ನು ಕಬ್ಬಿಣದ ತಗಡಿನ ಮೇಲೆ ಮಾಡಿ ಕಾಗದಕ್ಕೆ ಒತ್ತಿದ. ಜರ್ಮನಿಯದೇ ಕಲಾವಿದ ಡ್ಯೂರರ್ ಕೂಡ 1515ರಿಂದ 1518ರ ನಡುವೆ ಕಬ್ಬಿಣದ ಮೇಲೆ ಕೆಲವು ಎಚ್ಚಿಂಗ್ ಮಾಡಿದ. ಕಬ್ಬಿಣ ತುಕ್ಕು ಹಿಡಿಯುತ್ತದೆ, ಗೆರೆ ಒರಟಾಗಿ ಬರುತ್ತದೆ. ಮುಂದಿನವರು ತಾಮ್ರಕ್ಕೆ ಬಂದರು. ಇವತ್ತು ತಾಮ್ರವೂ ನಡೆಯುತ್ತದೆ, ಸತುವೂ ನಡೆಯುತ್ತದೆ. ಬೀದರ್ ಕಡೆ ಜಸ್ತ ಅನ್ನುತ್ತಾರಲ್ಲ, ಅದೇ. ತಾಮ್ರದ ರೇಟು ನೋಡಿದ ಮೇಲೆ ನಮ್ಮಲ್ಲಿ ಕಲಿಯುವವರು ಹೆಚ್ಚಾಗಿ ಹಿಡಿಯುವುದು ಜಸ್ತವನ್ನೇ.

ಒಂದು ಉದಾಹರಣೆ ಇಟ್ಟುಕೊಂಡೇ ಮುಂದೆ ಹೋಗೋಣ. ಬೀದರಿನ ಮಹಮೂದ್ ಗಾವಾನನ ಮದ್ರಸಾ. 1472ರ ಸುಮಾರಿಗೆ ಕಟ್ಟಿದ್ದು. ಮುಂಭಾಗದ ಮಿನಾರ್‌ಗಳಲ್ಲಿ ಈಗ ಉಳಿದಿರುವುದು ಒಂದೇ. ಎಚ್ಚಿಂಗ್ ಮಾಡುವವರಿಗೆ ಇದು ಒಳ್ಳೆಯ ಪರೀಕ್ಷೆ. ತಗಡಿನ ಮೇಲೆ ಕಂಡ ಹಾಗೇ ಬರೆದರೆ, ಕಾಗದಕ್ಕೆ ಬರುವ ಹೊತ್ತಿಗೆ ಮಿನಾರ್ ಕಟ್ಟಡದ ಇನ್ನೊಂದು ತುದಿಗೆ ಹೋಗಿ ನಿಂತಿರುತ್ತದೆ. ಗುಮ್ಮಟ ಬರೆದರೆ ಈ ತಾಪತ್ರಯ ಇಲ್ಲ, ಎಡಬಲ ಒಂದೇ. ಮದ್ರಸಾ ಬಿಡುವುದಿಲ್ಲ. ಆದ್ದರಿಂದ ಮೊದಲೇ ಕನ್ನಡಿ ಎದುರು ಸ್ಕೆಚ್ ಹಿಡಿದು ನೋಡಿ ಬರೆಯಬೇಕು, ಇಲ್ಲವೇ ಟ್ರೇಸಿಂಗ್ ಕಾಗದ ಮಗುಚಿ ಹಾಕಬೇಕು. ಚಿತ್ರದೊಳಗೆ ಕನ್ನಡ ಅಕ್ಷರ ಇದ್ದರಂತೂ ಕಷ್ಟ ಇನ್ನೂ ಜಾಸ್ತಿ. ತಲೆಕಟ್ಟು ಎಡಕ್ಕೆ ಏಳಬೇಕು. ಬಲಕ್ಕೆ ಎಳೆದೇ ರೂಢಿಯಾದ ಕೈ ಸುಲಭಕ್ಕೆ ಒಪ್ಪುವುದಿಲ್ಲ.

ಮೊದಲ ಕೆಲಸ ಅರ. ತಗಡಿನ ನಾಲ್ಕೂ ಅಂಚನ್ನು ಅರದಿಂದ ಉಜ್ಜಿ ಓರೆ ಮಾಡಬೇಕು. ಹಾಗೇ ಬಿಟ್ಟರೆ ಪ್ರೆಸ್‌ನಲ್ಲಿ ಕಾಗದವನ್ನೂ, ಮೇಲಿನ ಉಣ್ಣೆ ಹೊದಿಕೆಯನ್ನೂ ಕತ್ತರಿಸಿ ಹಾಕುತ್ತದೆ. ಆಮೇಲೆ ಜಿಡ್ಡು ತೆಗೆಯುವುದು. ಸೀಮೆಸುಣ್ಣದ ಪುಡಿಗೆ ಸ್ವಲ್ಪ ಅಮೋನಿಯಾ ಹಾಕಿ ತಿಕ್ಕಿ ತೊಳೆಯುತ್ತಾರೆ. ನೀರು ಬಿಟ್ಟಾಗ ಹನಿ ಹನಿಯಾಗಿ ಒಡೆಯದೆ ತಗಡಿನ ತುಂಬಾ ಒಂದೇ ಪದರವಾಗಿ ಹರಡಿದರೆ ಜಿಡ್ಡು ಹೋಗಿದೆ ಅಂತ. ಒಂದು ಬೆರಳ ಗುರುತು ಉಳಿದರೂ ಆ ಜಾಗದಲ್ಲಿ ಮುಂದೆ ಹಚ್ಚುವ ಪದರ ಕಿತ್ತು ಬರುತ್ತದೆ.

ಆ ಪದರಕ್ಕೆ ಗ್ರೌಂಡ್ ಅನ್ನುತ್ತಾರೆ. ಜೇನುಮೇಣ, ಡಾಂಬರಿನ ಜಾತಿಯ ಬಿಟುಮಿನ್, ರಾಳ ಇವು ಮೂರು ಸೇರಿಸಿ ಕಾಯಿಸಿ ಮಾಡಿದ ಉಂಡೆ. ಬಿಸಿ ತಗಡಿನ ಮೇಲೆ ಅದನ್ನು ಕರಗಿಸಿ ರೋಲರ್‌ನಿಂದ ತೆಳ್ಳಗೆ ಹರಡುತ್ತಾರೆ. ಆಮೇಲೆ ತಗಡನ್ನು ತಲೆಕೆಳಗು ಹಿಡಿದು ಮೇಣದಬತ್ತಿಯ ಹೊಗೆ ಕೊಟ್ಟರೆ ಮಸಿ ಆ ಪದರದಲ್ಲಿ ಬೆರೆತು ಕಪ್ಪಾಗುತ್ತದೆ. ಆಗ ಸೂಜಿಯಲ್ಲಿ ಗೀಚಿದ ಗೆರೆ ಹೊಳೆಯುತ್ತದೆ. ಸೂಜಿಯಿಂದ ಲೋಹ ಕೊರೆಯಬೇಕಾಗಿಲ್ಲ. ಮೇಣ ಸರಿಸಿ ಲೋಹ ಬಯಲಾದರೆ ಸಾಕು. ಪೆನ್ಸಿಲ್ ಹಿಡಿದಷ್ಟೇ ಹಗುರವಾಗಿ ಕೈ ಓಡುತ್ತದೆ. ಉಳಿ ಹಿಡಿದು ಕೆತ್ತುವ ಕಲೆಯಲ್ಲಿ ಸಿಗದ ಸಲೀಸು ಇದು. ಚಿತ್ರ ಬರೆಯುವ ಕೈಗಳಿಗೆ ಎಚ್ಚಿಂಗ್ ಇಷ್ಟವಾದದ್ದು ಇದಕ್ಕೇ.

ಇನ್ನು ತೇಜಾಬು. ಸತುವಿಗೆ ನೀರು ಬೆರೆಸಿದ ನೈಟ್ರಿಕ್ ಆಮ್ಲ, ಎಂಟು ಹತ್ತು ಪಾಲು ನೀರಿಗೆ ಒಂದು ಪಾಲು. ಅಕ್ಕಸಾಲಿಗರು ಬಳಸುವುದೂ ಇದನ್ನೇ. ಯಾವಾಗಲೂ ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರು ಹಾಕಬಾರದು. ತಾಮ್ರಕ್ಕೆ ಫೆರಿಕ್ ಕ್ಲೋರೈಡ್ ಒಳ್ಳೆಯದು. ಎಲೆಕ್ಟ್ರಾನಿಕ್ಸ್ ಹುಡುಗರು ಸರ್ಕ್ಯೂಟ್ ಬೋರ್ಡ್ ಕೊರೆಯುವುದಕ್ಕೆ ಬಳಸುವ ಕಂದು ಬಣ್ಣದ ದ್ರಾವಣ ಅದು. ನೈಟ್ರಿಕ್‌ನಲ್ಲಿ ತಗಡು ಮುಳುಗಿಸಿದ ಸ್ವಲ್ಪ ಹೊತ್ತಿಗೆ ಗೆರೆಗಳ ಉದ್ದಕ್ಕೂ ಸಣ್ಣ ಗುಳ್ಳೆ ಸಾಲುಗಟ್ಟುತ್ತವೆ. ಮದ್ರಸಾದ ಕಮಾನು, ಮಿನಾರ್, ಮೆಟ್ಟಿಲು ಎಲ್ಲ ಗುಳ್ಳೆಯಲ್ಲೇ ಬರೆದ ಹಾಗೆ ಕಾಣುತ್ತದೆ. ನೋಡೋಕೆ ಚಂದ, ಆದರೆ ಗುಳ್ಳೆ ಕೂತ ಜಾಗಕ್ಕೆ ಆಮ್ಲ ತಾಗುವುದಿಲ್ಲ. ಅದಕ್ಕೆ ಹಕ್ಕಿಯ ಗರಿ ಹಿಡಿದು ಮೆಲ್ಲಗೆ ಸವರುತ್ತಲೇ ಇರಬೇಕು. ಬ್ರಷ್ ಆದರೆ ಗ್ರೌಂಡ್ ಕೆರೆಯಬಹುದು, ಗರಿ ಕೆರೆಯುವುದಿಲ್ಲ.

ಗೆರೆಯ ಕಪ್ಪು ತೀರ್ಮಾನವಾಗುವುದು ಇಲ್ಲೇ. ತೇಜಾಬು ಎಷ್ಟು ಹೊತ್ತು ತಿನ್ನುತ್ತದೋ ಕಾಲುವೆ ಅಷ್ಟು ಆಳ, ಅಷ್ಟು ಅಗಲ. ಆಳ ಜಾಸ್ತಿಯಾದರೆ ಮಸಿ ಜಾಸ್ತಿ ಹಿಡಿಯುತ್ತದೆ, ಕಾಗದದ ಮೇಲೆ ಗೆರೆ ಗಾಢವಾಗುತ್ತದೆ. ಮದ್ರಸಾ ಚಿತ್ರದಲ್ಲಿ ಮೋಡದ ಗೆರೆ ತೆಳ್ಳಗೆ ಬೇಕು. ಹಾಗಾದರೆ ಕೆಲವೇ ನಿಮಿಷ ಮುಳುಗಿಸಿ ತೆಗೆದು, ತೊಳೆದು ಒಣಗಿಸಿ, ಮೋಡದ ಮೇಲೆ ವಾರ್ನಿಷ್ ಬಳಿದು ಮುಚ್ಚುತ್ತೇವೆ. ಇನ್ನು ಅಲ್ಲಿ ಆಮ್ಲ ತಿನ್ನುವುದಿಲ್ಲ. ಮತ್ತೆ ಮುಳುಗಿಸುವುದು, ಈ ಸಲ ಗೋಡೆ. ಮತ್ತೆ ತೆಗೆದು ಗೋಡೆಯನ್ನು ಮುಚ್ಚುವುದು. ಕೊನೆಗೆ ಉಳಿಯುವುದು ಕಮಾನಿನೊಳಗಿನ ಕತ್ತಲು. ಅದಕ್ಕೆ ಅರ್ಧ ಗಂಟೆ, ಕೆಲವೊಮ್ಮೆ ಇನ್ನೂ ಜಾಸ್ತಿ. ಅಂದರೆ ಚಿತ್ರದ ದೂರ ಹತ್ತಿರ, ಬೆಳಕು ನೆರಳು ಎಲ್ಲ ಗಡಿಯಾರದ ಲೆಕ್ಕ.

ಆ ಗಡಿಯಾರ ಕಲಬುರಗಿಯಲ್ಲಿ ಬೇರೆ ಥರ ಓಡುತ್ತದೆ. ಹೊರದೇಶದ ಪುಸ್ತಕಗಳಲ್ಲಿ ಕೊಟ್ಟಿರುವ ನಿಮಿಷಗಳು ಸುಮಾರು 20 ಡಿಗ್ರಿಯ ಕೋಣೆಗೆ ಹೊಂದುವಂಥವು. ನಮ್ಮಲ್ಲಿ ಮೇ ತಿಂಗಳ ಮಧ್ಯಾಹ್ನ 40 ದಾಟುವುದು ದೊಡ್ಡ ಸುದ್ದಿಯೇ ಅಲ್ಲ. ಹತ್ತು ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಸರಿಸುಮಾರು ಎರಡು ಪಟ್ಟು ಆಗುತ್ತದೆ ಅನ್ನುವುದು ಒಂದು ಅಂದಾಜು ಲೆಕ್ಕ. ಅದರ ಮೇಲೆ ಸತು ಕರಗುವಾಗ ದ್ರಾವಣ ತಾನಾಗೇ ಬಿಸಿಯಾಗುತ್ತದೆ. ಪುಸ್ತಕ ಹತ್ತು ನಿಮಿಷ ಅಂದದ್ದು ಇಲ್ಲಿ ಎರಡು ಮೂರು ನಿಮಿಷಕ್ಕೇ ಮುಗಿದಿರುತ್ತದೆ. ಗ್ರೌಂಡ್ ಬೇರೆ ಮೆತ್ತಗಾಗಿ ಕೈಗೆ ಅಂಟುತ್ತದೆ, ಗೆರೆಯ ಅಂಚು ಜಾರುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ತೇಜಾಬಿನ ಕೆಲಸ ಬೆಳಗಿನ ಜಾವವೇ ಆಗಬೇಕು. ದಿನಾ ಒಂದು ಸಣ್ಣ ತುಂಡು ತಗಡಿನ ಮೇಲೆ ಸಾಲಾಗಿ ಗೆರೆ ಹಾಕಿ, ಒಂದೊಂದನ್ನೂ ಬೇರೆ ಬೇರೆ ಹೊತ್ತು ತಿನ್ನಿಸಿ ನೋಡಿಕೊಂಡೇ ಅಸಲಿ ತಗಡು ಇಳಿಸಬೇಕು. ನನ್ನ ಪ್ರಕಾರ ಇಲ್ಲಿ ಎಚ್ಚಿಂಗ್ ಕಲಿಸುವವರು ಮೊದಲು ಹೇಳಿಕೊಡಬೇಕಾದ್ದು ಇದನ್ನೇ. ಸೂಜಿ ಹಿಡಿಯುವುದು ಆಮೇಲೆ.

ನೈಟ್ರಿಕ್‌ನ ಹೊಗೆ ಪುಪ್ಪುಸಕ್ಕೆ ಅಪಾಯ. ಗಾಳಿ ಹೊರಗೆಳೆಯುವ ಫ್ಯಾನ್, ಕೈಗವಸು, ಕನ್ನಡಕ ಇಲ್ಲದೆ ಅದರ ಹತ್ತಿರ ಹೋಗಲೇಬಾರದು. ಹೊಸಬರಿಗೆ ನಾನು ಹೇಳುವುದು ಮೈಲುತುತ್ತ. ಬಿದರಿಯನ್ನು ಸದ್ಯಕ್ಕೆ ಕಪ್ಪಾಗಿಸುವ, ರೈತರು ಬೋರ್ಡೋ ದ್ರಾವಣಕ್ಕೆ ಸುಣ್ಣದ ಜೊತೆ ಕಲಸುವ ಅದೇ ನೀಲಿ ಹರಳು. ನೀರಿನಲ್ಲಿ ಕರಗಿಸಿ ಅಡುಗೆ ಉಪ್ಪು ಸೇರಿಸಿದರೆ ಸತುವನ್ನು ಚೆನ್ನಾಗಿ ತಿನ್ನುತ್ತದೆ. ಸತು ಕರಗಿ ದ್ರಾವಣಕ್ಕೆ ಹೋಗುತ್ತದೆ, ದ್ರಾವಣದಲ್ಲಿದ್ದ ತಾಮ್ರ ಕೆಂಗಂದು ಕೆಸರಾಗಿ ಗೆರೆಯಲ್ಲಿ ಕೂರುತ್ತದೆ. ಅದನ್ನು ಆಗಾಗ ಗರಿಯಿಂದ ತಳ್ಳುತ್ತಿರಬೇಕು. ಉಸಿರುಗಟ್ಟಿಸುವ ಹೊಗೆ ಇಲ್ಲ. ಹಾಗಂತ ನಿರುಪದ್ರವಿ ಅಲ್ಲ. ತಾಮ್ರದ ಅಂಶ ಉಳಿದ ನೀರನ್ನು ಚರಂಡಿಗೆ, ಹೊಲಕ್ಕೆ ಸುರಿಯುವ ಹಾಗಿಲ್ಲ.

ಗೆರೆಯಿಂದ ಆಕಾಶದ ಮಬ್ಬು ತರುವುದು ಕಷ್ಟ. ಅದಕ್ಕೆ ಅಕ್ವಾಟಿಂಟ್ ಅಂತ ಬೇರೆ ಉಪಾಯ ಇದೆ. ರಾಳವನ್ನು ಹಿಟ್ಟಿನಂತೆ ನುಣ್ಣಗೆ ಪುಡಿ ಮಾಡಿ ತಗಡಿನ ಮೇಲೆ ದೂಳಾಗಿ ಉದುರಿಸಿ, ಕೆಳಗಿನಿಂದ ಬಿಸಿ ಕೊಡುತ್ತಾರೆ. ಕಣಗಳು ಕರಗಿ ಅಲ್ಲಲ್ಲೇ ಅಂಟುತ್ತವೆ. ತೇಜಾಬು ಆ ಕಣಗಳ ಸುತ್ತ ಮಾತ್ರ ತಿನ್ನುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಗುಂಡಿಗಳ ಜಾಲ ಉಳಿಯುತ್ತದೆ. ಅದರಲ್ಲಿ ಮಸಿ ನಿಂತರೆ ಬೂದು ಬಣ್ಣದ ಹರವು. ಸ್ಪೇನಿನ ಕಲಾವಿದ ಗೋಯಾ 1799ರಲ್ಲಿ ಹೊರತಂದ 80 ತಗಡುಗಳ ಸರಣಿಯಲ್ಲಿ ಕಾಣುವ ಆ ಕತ್ತಲೆ ಇದರದ್ದೇ. ರಾಳದ ದೂಳು ಬೆಂಕಿಗೆ ಧಗ್ಗನೆ ಹತ್ತಿಕೊಳ್ಳುತ್ತದೆ. ಉದುರಿಸುವ ಜಾಗದಲ್ಲಿ ಉರಿ ಇರಬಾರದು, ಮೂಗಿಗೆ ಮಾಸ್ಕ್ ಬೇಕು.

ಇಷ್ಟಾದ ಮೇಲೆ ಗ್ರೌಂಡನ್ನು ಸೀಮೆಎಣ್ಣೆ ಅಥವಾ ಟರ್ಪೆಂಟೈನ್‌ನಿಂದ ಒರೆಸಿ ತೆಗೆದರೆ ತಗಡು ತಯಾರು. ಇನ್ನು ಮಸಿ. ಕಾಡಿಗೆಯಂಥ ಕರಿ ಪುಡಿಯನ್ನು ಕುದಿಸಿ ಗಟ್ಟಿ ಮಾಡಿದ ಅಗಸೆ ಎಣ್ಣೆಯಲ್ಲಿ ಅರೆದದ್ದು. ಹೌದು, ನಾವು ರೊಟ್ಟಿ ಜೊತೆ ಹಿಂಡಿ ಮಾಡಿ ತಿನ್ನುವ ಅಗಸಿಯ ಎಣ್ಣೆಯೇ. ಚಳಿಗಾಲದಲ್ಲಿ ಮಸಿ ಬಿಗಿಯಾಗಿರುತ್ತದೆ, ತಗಡನ್ನು ಬೆಚ್ಚಗೆ ಮಾಡಿಯೇ ಹಚ್ಚಬೇಕು. ಏಪ್ರಿಲ್ ಬಂತೆಂದರೆ ಹಾಟ್‌ಪ್ಲೇಟ್ ಮೂಲೆಗೆ. ಮಸಿ ತಾನಾಗೇ ಸಡಿಲ, ಕೆಲವೊಮ್ಮೆ ಬಿಗಿ ಮಾಡಲು ಮೆಗ್ನೀಸಿಯಂ ಕಾರ್ಬೊನೇಟ್ ಪುಡಿ ಸೇರಿಸಬೇಕಾಗುತ್ತದೆ.

ಒರೆಸುವುದೇ ಇಡೀ ಕೆಲಸದ ಜೀವಾಳ ಅಂತ ನನ್ನ ಅಭಿಪ್ರಾಯ. ರಟ್ಟಿನ ತುಂಡಿನಿಂದ ಮಸಿಯನ್ನು ಎಲ್ಲ ದಿಕ್ಕಿನಿಂದಲೂ ಗೆರೆಯೊಳಗೆ ತಳ್ಳುತ್ತಾರೆ. ತಗಡು ಪೂರ್ತಿ ಕಪ್ಪು. ಈಗ ಗಂಜಿ ಹಾಕಿದ, ಬಲೆಯಂತೆ ಬಿಡಿ ನೇಯ್ಗೆಯ ಬಟ್ಟೆಯನ್ನು ಉಂಡೆ ಕಟ್ಟಿ ಸುತ್ತುಸುತ್ತಾಗಿ ಒರೆಸಬೇಕು. ಮೇಲ್ಮೈಯ ಮಸಿ ಹೋಗಬೇಕು, ಗೆರೆಯೊಳಗಿನದು ಇರಬೇಕು. ಬಟ್ಟೆಯನ್ನು ಒತ್ತಿ ಹಿಡಿದರೆ ಅದು ಗೆರೆಯೊಳಗೆ ಇಳಿದು ಮಸಿ ಎಳೆದು ತರುತ್ತದೆ. ಹಗುರಾದರೆ ಮೇಲೆ ಮಸುಕು ಉಳಿಯುತ್ತದೆ. ಕೊನೆಯಲ್ಲಿ ಬಟ್ಟೆ ಪಕ್ಕಕ್ಕಿಟ್ಟು ಬರಿ ಅಂಗೈ. ಅಂಗೈಗೆ ಒಂಚೂರು ಸೀಮೆಸುಣ್ಣದ ಪುಡಿ ತಾಗಿಸಿ ಬೀಸಿ ಬೀಸಿ ಸವರಿದರೆ ಗೋಡೆಯ ಭಾಗ ಹೊಳೆಯುತ್ತದೆ. ಆಕಾಶದಲ್ಲಿ ಬೇಕಂತಲೇ ತೆಳು ಮಸಿ ಬಿಟ್ಟರೆ ಸಂಜೆಯಾಗುತ್ತದೆ, ಪೂರ್ತಿ ಒರೆಸಿದರೆ ಮಧ್ಯಾಹ್ನ. ತಗಡು ಅದೇ, ಗೆರೆ ಅದೇ, ಹೊತ್ತು ಮಾತ್ರ ಬೇರೆ. ಹಾಲೆಂಡಿನ ಕಲಾವಿದ ರೆಂಬ್ರಾಂಟ್ ಇದನ್ನು ಕಂಡುಕೊಂಡು ಒಂದೇ ತಗಡಿನಿಂದ ಬೇರೆ ಬೇರೆ ಬೆಳಕು ತೆಗೆಯುತ್ತಿದ್ದ. ಕೈಯಿಂದ ಒರೆಸುವ ಕೆಲಸ ಯಂತ್ರಕ್ಕೆ ಬರುವುದಿಲ್ಲ, ಎರಡು ಪ್ರತಿ ತದ್ವತ್ ಒಂದೇ ಥರ ಇರುವುದಿಲ್ಲ. ಅದಕ್ಕೇ ಎಲ್ಲವೂ ಒರಿಜಿನಲ್.

ಕಾಗದ ಹತ್ತಿಯದ್ದಾಗಿರಬೇಕು, ದಪ್ಪ ಇರಬೇಕು, 250ರಿಂದ 300 ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್‌ಗೆ ಅಷ್ಟು ಗ್ರಾಂ ತೂಕ. ಅರ್ಧ ಗಂಟೆ ನೀರಲ್ಲಿ ನೆನೆಸಿ, ಮೇಲಿನ ನೀರು ಹೀರಿಸಿ, ತೇವ ಇರುವಾಗಲೇ ಬಳಸುತ್ತಾರೆ. ತೇವದ ನಾರು ಮೆತ್ತಗಾಗಿ ಗೆರೆಯೊಳಗೆ ಇಳಿದು ಮಸಿ ಎತ್ತಿಕೊಂಡು ಬರುತ್ತದೆ. ನಮ್ಮ ಒಣ ಬಿಸಿಲಿನಲ್ಲಿ ಐದು ನಿಮಿಷ ಹೊರಗಿಟ್ಟರೆ ಅಂಚು ಒಣಗಿಹೋಗುತ್ತದೆ, ಪ್ಲಾಸ್ಟಿಕ್ ಸುತ್ತಿಯೇ ಇಡಬೇಕು. ಪ್ರೆಸ್ ಬಗ್ಗೆ ಹೇಳುವುದು ಕಡಿಮೆ. ಎರಡು ಉಕ್ಕಿನ ರೋಲರ್, ನಡುವೆ ಓಡುವ ಹಲಗೆ, ಹಲಗೆ ಮೇಲೆ ತಗಡು, ತಗಡಿನ ಮೇಲೆ ಕಾಗದ, ಅದರ ಮೇಲೆ ಉಣ್ಣೆಯ ಹೊದಿಕೆ. ಚಕ್ರ ತಿರುಗಿಸಿದರೆ ಆಯ್ತು. ಕಾಗದದ ಮೂಲೆ ಹಿಡಿದು ಎತ್ತಿದಾಗ ಮಿನಾರ್ ಸರಿಯಾದ ಕಡೆಗೆ ಬಂದಿರುತ್ತದೆ. ಒಂದು ಮಧ್ಯಮ ಅಳತೆಯ ತಗಡಿಗೆ ಮಸಿ ತುಂಬಿ, ಒರೆಸಿ, ಒತ್ತಲು ಅರ್ಧ ಗಂಟೆಯಾದರೂ ಹಿಡಿಯುತ್ತದೆ. ಇಪ್ಪತ್ತಕ್ಕೆ ಎಷ್ಟು ದಿನ ಅಂತ ನೀವೇ ಲೆಕ್ಕ ಹಾಕಿ.

ಬಣ್ಣ ಬೇಕಾದರೆ ಸಾಮಾನ್ಯವಾಗಿ ಬಣ್ಣಕ್ಕೊಂದು ತಗಡು. ಒಂದೇ ತಗಡಿನಲ್ಲಿ ಹಲವು ಬಣ್ಣ ತರುವ ದಾರಿ ತೋರಿಸಿದವರಲ್ಲಿ ಆಂಧ್ರದ ಚಿತ್ತೂರು ಜಿಲ್ಲೆಯಲ್ಲಿ ಹುಟ್ಟಿದ ಕೃಷ್ಣಾ ರೆಡ್ಡಿ ಮುಖ್ಯರು. ಪ್ಯಾರಿಸ್‌ನ ಅಟೆಲಿಯೆ 17 ಎಂಬ ಅಚ್ಚುಕಲೆಯ ಸ್ಟುಡಿಯೊದಲ್ಲಿ ಅವರು ಎಣ್ಣೆ ಕಡಿಮೆ ಇರುವ ಬಣ್ಣ, ಜಾಸ್ತಿ ಇರುವ ಬಣ್ಣ ಒಂದನ್ನೊಂದು ದೂರ ತಳ್ಳುವ ಗುಣವನ್ನೇ ಬಳಸಿಕೊಂಡು, ಮೆದು ಗಟ್ಟಿ ರೋಲರ್‌ಗಳಿಂದ ಆಳದ ಭಾಗಕ್ಕೊಂದು, ಎತ್ತರದ ಭಾಗಕ್ಕೊಂದು ಬಣ್ಣ ಕೊಟ್ಟರು. ಅದು ಇನ್ನೊಂದು ಲೇಖನದ ವಿಷಯ.

ಈಗ 7/20ಕ್ಕೆ ಬರೋಣ. ಇಪ್ಪತ್ತಕ್ಕೇ ಯಾಕೆ ನಿಲ್ಲಿಸುವುದು? ಅರ್ಧ ಉತ್ತರ ಲೋಹದ್ದು. ಪ್ರತಿ ಸಲ ಒರೆಸಿದಾಗ, ರೋಲರ್ ಕೆಳಗೆ ಹೋದಾಗ ತಗಡು ಸವೆಯುತ್ತದೆ. ಮೊದಲು ಹೋಗುವುದು ಅಕ್ವಾಟಿಂಟ್‌ನ ಸಣ್ಣ ಗುಂಡಿಗಳು, ಆಕಾಶ ಬೆಳ್ಳಗಾಗುತ್ತದೆ. ಆಮೇಲೆ ತೆಳು ಗೆರೆ. ತೇಜಾಬಿಲ್ಲದೆ ಸೂಜಿಯಿಂದಲೇ ಲೋಹ ಕೆರೆದು ಮಾಡುವ ಡ್ರೈಪಾಯಿಂಟ್ ಆದರೆ ಹದಿನೈದು ಇಪ್ಪತ್ತು ಪ್ರತಿಗೇ ಅದರ ಮಖಮಲ್ಲಿನಂಥ ಗೆರೆ ಸತ್ತುಹೋಗುತ್ತದೆ. ಸತು ಮೆದು, ಬೇಗ ಸೋಲುತ್ತದೆ. ಆಳವಾಗಿ ಕೊರೆದ ತಾಮ್ರ ಇನ್ನೂ ಎಷ್ಟೋ ಪ್ರತಿ ಕೊಡುತ್ತದೆ. ಅದರ ಮೇಲೆ ತೆಳ್ಳಗೆ ಕಬ್ಬಿಣದ ಲೇಪ ಏರಿಸಿದರೆ ಇನ್ನೂ ಜಾಸ್ತಿ.

ಹಾಗಾದರೆ ಉಳಿದರ್ಧ? ಅದು ಕಲಾವಿದ ಕೊಟ್ಟ ಮಾತು. ಇಪ್ಪತ್ತು ಅಂದೆ, ಇಪ್ಪತ್ತೊಂದನೆಯದು ಬರುವುದಿಲ್ಲ ಅಂತ. ಈ ಮಾತು ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ರೆಂಬ್ರಾಂಟನ ತಗಡುಗಳೇ ಸಾಕ್ಷಿ. ಅವನು ಸತ್ತು ನೂರು ವರ್ಷ ದಾಟಿದ ಮೇಲೆ, 'ಹಂಡ್ರೆಡ್ ಗಿಲ್ಡರ್ ಪ್ರಿಂಟ್' ಎಂದೇ ಹೆಸರಾದ ಚಿತ್ರದ ತಗಡು ವಿಲಿಯಂ ಬೈಲಿ ಎಂಬ ಕ್ಯಾಪ್ಟನ್ ಕೈಗೆ ಬಂತು. ಸವೆದ ಗೆರೆಗಳನ್ನು ಅವನು ತಾನೇ ತೀಡಿ, 1775ರಲ್ಲಿ ಸುಮಾರು ನೂರು ಪ್ರತಿ ತೆಗೆದ. ಅಷ್ಟಕ್ಕೇ ಬಿಡದೆ ತಗಡನ್ನು ನಾಲ್ಕು ತುಂಡು ಮಾಡಿ ಅವುಗಳಿಂದಲೂ ಒತ್ತಿಸಿದ. ಈಗ ಅದರ ಯಾವ ಪ್ರತಿಯಲ್ಲಿ ರೆಂಬ್ರಾಂಟನ ಕೈ ಎಷ್ಟು, ಬೈಲಿಯ ಕೈ ಎಷ್ಟು ಅಂತ ತಜ್ಞರು ಭೂತಗನ್ನಡಿ ಹಿಡಿದು ಕೂರಬೇಕು.

ಪೆನ್ಸಿಲ್‌ನಲ್ಲಿ ಸಹಿ ಹಾಕುವ, ನಂಬರ್ ಬರೆಯುವ ರೂಢಿ ಬಲವಾದದ್ದು 19ನೇ ಶತಮಾನದ ಕೊನೆಯಿಂದ ಈಚೆಗೆ. ಎಡಕ್ಕೆ ನಂಬರ್, ನಡುವೆ ಹೆಸರು, ಬಲಕ್ಕೆ ಸಹಿ. ಪೆನ್ನಿನ ಬಣ್ಣ ಮಾಸುತ್ತದೆ, ಕಾಗದದಲ್ಲಿ ಹರಡುತ್ತದೆ. ಪೆನ್ಸಿಲ್ ಗಟ್ಟಿಯಾಗಿ ಉಳಿಯುತ್ತದೆ, ಅಚ್ಚಿನಲ್ಲಿ ಬಂದ ಸಹಿ ಅಲ್ಲ ಅಂತಲೂ ತೋರಿಸುತ್ತದೆ. 1/20ಕ್ಕೆ ಬೆಲೆ ಜಾಸ್ತಿ ಕೇಳುವವರಿದ್ದಾರೆ. ಸುಮ್ನೆ ಕೊಡಬೇಡಿ. ಒತ್ತಿದ ಹಾಳೆಗಳು ಒಣಗಲು ಒಂದರ ಮೇಲೊಂದು ಕೂತಿರುತ್ತವೆ, ನಂಬರ್ ಬೀಳುವುದು ಆಮೇಲೆ. ಒಂದು ಅಂದರೆ ಮೊದಲು ಒತ್ತಿದ್ದು ಅಂತ ಏನೂ ಇಲ್ಲ. ನಂಬರ್ ಬದಲು ಎ.ಪಿ. (ಆರ್ಟಿಸ್ಟ್ಸ್ ಪ್ರೂಫ್) ಅಂತ ಇದ್ದರೆ ಅದು ಕಲಾವಿದ ತನಗಾಗಿ ಇಟ್ಟುಕೊಂಡ ಪ್ರತಿ. ಸಾಮಾನ್ಯವಾಗಿ ಎಡಿಷನ್‌ನ, ಅಂದರೆ ನಂಬರ್ ಹಾಕಿದ ಒಟ್ಟು ಪ್ರತಿಗಳ, ಹತ್ತರಲ್ಲಿ ಒಂದು ಪಾಲು ಹೀಗೆ ಇರುತ್ತದೆ. ಎಡಿಷನ್ ಮುಗಿದ ಮೇಲೆ ತಗಡಿನ ಮೇಲೆ ಅಡ್ಡಡ್ಡ ಗೀರು ಎಳೆದು ರದ್ದು ಮಾಡುತ್ತಾರೆ. ಕೆಲವರು ರದ್ದಾದ ತಗಡಿನಿಂದಲೂ ಒಂದು ಪ್ರತಿ ತೆಗೆದು ಇಟ್ಟಿರುತ್ತಾರೆ, ಪುರಾವೆಗೆ.

ಕಂಪ್ಯೂಟರ್ ಪ್ರಿಂಟರ್‌ನಲ್ಲಿ ತೆಗೆದ ಚಿತ್ರಕ್ಕೂ ಈಗ ಲಿಮಿಟೆಡ್ ಎಡಿಷನ್ ಅಂತ 500ರ ನಂಬರ್ ಹಾಕಿ ಮಾರುತ್ತಾರೆ. ಅಲ್ಲಿ ಸವೆಯುವ ತಗಡು ಇಲ್ಲ, ರದ್ದು ಮಾಡುವುದಕ್ಕೂ ಏನೂ ಇಲ್ಲ. ನನಗೆ ಅದು ಬರೀ ವ್ಯಾಪಾರದ ಲೆಕ್ಕ ಅನಿಸುತ್ತದೆ.

ಕೊಳ್ಳುವಾಗ ಎರಡು ಕಡೆ ನೋಡಿ. ಒಂದು, ಚಿತ್ರ ಇರುವ ಕಡೆ ಕಾಗದ ಸ್ವಲ್ಪ ತಗ್ಗಾಗಿ, ಸುತ್ತ ತಗಡಿನ ಅಂಚಿನ ಗುರುತು ಬಿದ್ದಿರಬೇಕು. ಇನ್ನೊಂದು, ಕಾಗದವನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿಯಿರಿ. ಗಾಢ ಗೆರೆಗಳಲ್ಲಿ ಮಸಿ ಕಾಗದಕ್ಕಿಂತ ಎತ್ತರಕ್ಕೆ ನಿಂತಿರುತ್ತದೆ, ಕಣ್ಣಿಗೇ ಕಾಣುತ್ತದೆ. ಆಫ್‌ಸೆಟ್ ಪ್ರಿಂಟಿನಲ್ಲಿ ಇದು ಬರುವುದಿಲ್ಲ, ಭೂತಗನ್ನಡಿಯಲ್ಲಿ ಬರೀ ಚುಕ್ಕಿ ಕಾಣುತ್ತದೆ. ಫ್ರೇಮ್ ಹಾಕಿಸುವಾಗ ಗಾಜು ಕಾಗದಕ್ಕೆ ತಾಗದಂತೆ ನಡುವೆ ಆಮ್ಲರಹಿತ ಮೌಂಟ್ ಬೋರ್ಡ್ ಇಡಲು ಹೇಳಿ. ಅಂಗಡಿಯವರು "ಮಾರ್ಜಿನ್ ಭಾಳ ಅದರಿ, ಕಟ್ ಮಾಡಿ ಕೂಡಿಸ್ಲ್ಯಾ?" ಅಂತ ಕೇಳಿಯೇ ಕೇಳುತ್ತಾರೆ. ಬ್ಯಾಡ್ರಿ ಅನ್ನಿ. ನಂಬರ್, ಸಹಿ, ತಗಡಿನ ಗುರುತು ಎಲ್ಲ ಇರುವುದು ಆ ಮಾರ್ಜಿನ್‌ನಲ್ಲೇ.